ಪೈಪು ಎಲ್ಲಿ ತಿರುಗಿತ್ತು?

2025ರ ಜನವರಿಯ ಒಂದು ಶನಿವಾರ ರಾತ್ರಿ ಊರಿಂದ ಚಿಕ್ಕಪ್ಪ ಫೋನ್ ಮಾಡಿದರು. ಕುಣಿಗಲ್ ಕಡೆಯ ನಮ್ಮ ತೋಟದಲ್ಲಿ ಕೃಷಿ ಹೊಂಡ ತೆಗೆಸುತ್ತಿದ್ದರು. ಸೋಮವಾರ ಬೆಳಿಗ್ಗೆ ಜೆಸಿಬಿ ಬರುವುದಿತ್ತು.

"ಬೋರಿನಿಂದ ತೆಂಗಿನ ಸಾಲಿಗೆ ಪೈಪು ಎಳೆಸಿದ್ವಲ್ಲ, ಅದು ಯಾವ ಕಡೆಯಿಂದ ಹೋಗೈತೆ ಅಂತ ಯಾರಿಗೂ ಸರಿಯಾಗಿ ಜ್ಞಾಪಕ ಇಲ್ಲ ಕಣಪ್ಪ. ಆವತ್ತು ನೀನು ಡ್ರೋನು ಹಾರಿಸ್ತಾ ಇದ್ದೆ. ಅದರಲ್ಲಿ ಕಾಣ್ತದಾ ನೋಡು."

ಪೈಪು ಇರುವುದು ಎರಡಡಿ ಆಳದಲ್ಲಿ. ಅದನ್ನು ಹೂತ ಮೇಸ್ತ್ರಿ ಊರು ಬಿಟ್ಟು ಎರಡು ವರ್ಷ ಆಗಿದೆ. ಜೆಸಿಬಿಯ ಹಲ್ಲು ತಗುಲಿ ಪೈಪು ಒಡೆದರೆ, ಬೇಸಿಗೆ ಹತ್ತಿರ ಇರುವಾಗ ತೆಂಗಿಗೆ ನೀರು ನಿಂತುಹೋಗುತ್ತದೆ. "ನಾಳೆ ಸಂಜೆಯೊಳಗೆ ಹೇಳ್ತೀನಿ ಚಿಕ್ಕಪ್ಪ" ಅಂದೆ. ಸುಲಭದ ಕೆಲಸ ಅಂದುಕೊಂಡಿದ್ದೆ. ಫೋನಿನ ನೋಟ್ಸ್‌ನಲ್ಲಿ 'ತೋಟ, ಪೈಪ್, 0047' ಎಂದು ಬರೆದುಕೊಂಡಿದ್ದು ನೆನಪಿತ್ತು.

ಹಾರ್ಡ್ ಡಿಸ್ಕ್ ಚುಚ್ಚಿ ಹುಡುಕಿದೆ. ಡಿಜೆಐ_0047 ಎಂಬ ಹೆಸರಿನ ಫೈಲುಗಳು ನಾಲ್ಕು ಇದ್ದವು. ಡಿಜೆಐ ಅಂದರೆ ಡ್ರೋನ್ ಮಾಡುವ ಕಂಪನಿ.

ಡ್ರೋನ್ ಕ್ಯಾಮೆರಾ ತನ್ನ ಫೈಲುಗಳಿಗೆ ಬರೀ ಸಂಖ್ಯೆ ಕೊಡುತ್ತದೆ. 0001, 0002 ಹೀಗೆ. 999 ಆದಮೇಲೆ ಹೊಸ ಫೋಲ್ಡರ್ ಮಾಡಿಕೊಂಡು ಮತ್ತೆ ಒಂದರಿಂದ ಎಣಿಸುತ್ತದೆ. ಬೇರೆ ಮೆಮೊರಿ ಕಾರ್ಡ್ ಹಾಕಿದರೆ ಅದರಲ್ಲೂ ಒಂದರಿಂದ ಶುರುವಾಗಬಹುದು. ಅದಕ್ಕೆ ಯಾವ ಊರು, ಯಾವ ಕೆರೆ, ಯಾರ ತೋಟ ಅಂತ ಗೊತ್ತಿಲ್ಲ. ಅದನ್ನು ಹೇಳಬೇಕಾದವನು ನಾನು. ಮೂರು ವರ್ಷ ನಾನದನ್ನು ಹೇಳಿರಲಿಲ್ಲ.

ಡ್ರೋನ್ ತಗೊಂಡಿದ್ದು 2021ರ ಸೆಪ್ಟೆಂಬರ್‌ನಲ್ಲಿ. 249 ಗ್ರಾಂ ತೂಕದ್ದು. ಅದೇ ವರ್ಷ ಬಂದ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನವನ್ನು ನ್ಯಾನೊ ಎನ್ನುತ್ತಾರೆ. ಹವ್ಯಾಸಕ್ಕಾಗಿ ನ್ಯಾನೊ ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟ್ ಬೇಡ. ಹಾಗಂತ ಎಲ್ಲೆಂದರಲ್ಲಿ ಹಾರಿಸುವ ಹಾಗಿಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣ ಇದೆ, ಯಲಹಂಕದಲ್ಲಿ ವಾಯುಪಡೆ ಇದೆ, ಜಕ್ಕೂರಿನ ಏರೋಡ್ರೋಮ್ ಇದೆ, ದೇವನಹಳ್ಳಿಯ ವಿಮಾನ ನಿಲ್ದಾಣ ಇದೆ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆಗೆದು ನೋಡಿದರೆ ನಗರದ ಮೇಲೆ ಅನುಮತಿ ಬೇಕಾದ ಕೆಂಪು, ಹಳದಿ ಬಣ್ಣ ಜಾಸ್ತಿ. ವಿಮಾನ ನಿಲ್ದಾಣದ ಸುತ್ತ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಏಳುವಂತಿಲ್ಲ. ಅನುಮತಿ ಬೇಡದ ಹಸಿರು ವಲಯದಲ್ಲೂ 120 ಮೀಟರ್ ಎತ್ತರದ ಮಿತಿ. ಹಾಗಾಗಿ ನಾಗರಭಾವಿಯ ನಮ್ಮ ಮನೆಯ ಟೆರೇಸಿನಿಂದ ನಾನು ಒಂದು ದಿನವೂ ಹಾರಿಸಿಲ್ಲ. ಎರಡು ವಾರಕ್ಕೊಮ್ಮೆ ಬೈಕ್ ಹತ್ತಿ ನೆಲಮಂಗಲ, ಸೋಲೂರು ದಾಟಿ ಊರಿಗೆ ಹೋಗುತ್ತೇನೆ. ಇಲ್ಲವೇ ಮಾಗಡಿ ಕಡೆ ಪರಿಚಯದವರ ಹೊಲಕ್ಕೆ.

ಒಂದು ಸಲ ಹೋಗಿ ಬಂದರೆ ಎಷ್ಟು ತುಂಬುತ್ತದೆ ಎನ್ನುವ ಅಂದಾಜು ಮೊದಲು ನನಗೆ ಇರಲಿಲ್ಲ. ನನ್ನ ಡ್ರೋನ್ 4ಕೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಲ್ಲಿಗೆ ಸೆಕೆಂಡಿಗೆ 12.5 ಎಂಬಿ, ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ. ಒಂದು ಬ್ಯಾಟರಿ ಪೂರ್ತಿ ಹಾರಿಸಿದರೆ ಸುಮಾರು 20 ಜಿಬಿ ಆಯಿತು. ಗೂಗಲ್ ಖಾತೆಯಲ್ಲಿ ಪುಕ್ಕಟೆ ಸಿಗುವ 15 ಜಿಬಿ ಜಾಗಕ್ಕೆ ಬರೋಬ್ಬರಿ 20 ನಿಮಿಷದ ವಿಡಿಯೊ ಸಾಕು. ನನಗೆ ವರ್ಷಕ್ಕೆ 700 ಜಿಬಿ ಸೇರುತ್ತಿತ್ತು.

ಮೊದಲು ಮನೆಯಲ್ಲಿದ್ದ 500 ಜಿಬಿಯ ಹಳೇ ಡಿಸ್ಕಿಗೆ ಹಾಕುತ್ತಿದ್ದೆ. 2022ರ ಮೇ ಹೊತ್ತಿಗೆ ಅದು ತುಂಬಿತು. 2 ಟಿಬಿಯದು, ಅಂದರೆ 2,000 ಜಿಬಿಯದು, ಒಂದು ತಂದೆ. ಇನ್ನೆರಡು ವರ್ಷ ಚಿಂತೆಯಿಲ್ಲ ಅಂದುಕೊಂಡೆ.

2022ರ ಮಳೆ ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. ನಮ್ಮೂರ ಕೆರೆ ಕೋಡಿ ಬಿತ್ತು. ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು. ಅರಿಶಿನ ಕುಂಕುಮ ಹಿಡಿದು ಹೆಂಗಸರು ಬಂದಿದ್ದರು, ಮಕ್ಕಳು ಕೋಡಿಯ ನೀರಿನಲ್ಲಿ ಕಾಲಾಡಿಸುತ್ತಿದ್ದರು. ಮೇಲಿಂದ ನೋಡಿದರೆ ಕೆರೆಯ ಅಂಚು ಹೊಲಗಳ ಒಳಗೆ ಬೆರಳು ಚಾಚಿದ ಹಾಗೆ ಕಾಣುತ್ತಿತ್ತು. ನೀರು ಎಲ್ಲಿಯವರೆಗೆ ಬಂದಿತ್ತು, ಯಾರ ಹೊಲದ ಬದು ಮುಳುಗಿತ್ತು, ಕೋಡಿಯ ನೀರು ಯಾವ ಹಳ್ಳ ಹಿಡಿದು ಹೋಯಿತು, ಎಲ್ಲ ಸ್ಪಷ್ಟವಾಗಿ ಸಿಕ್ಕಿತ್ತು. 40 ನಿಮಿಷದ ವಿಡಿಯೊ.

2023ರ ಜೂನ್‌ನಲ್ಲಿ ಆ 2 ಟಿಬಿ ಡಿಸ್ಕ್ ಚುಚ್ಚಿದಾಗ ಒಳಗಿಂದ ಟಿಕ್ ಟಿಕ್ ಸದ್ದು ಬಂತು. ಹಾರ್ಡ್ ಡಿಸ್ಕಿನ ಒಳಗೆ ಬಿಲ್ಲೆ ತಿರುಗುತ್ತಿರುತ್ತದೆ. ಅದಕ್ಕೆ ಕೂದಲೆಳೆಗಿಂತ ಹತ್ತಿರದಲ್ಲಿ ಒಂದು ಹೆಡ್ ಓಡಾಡುತ್ತದೆ. ಹೆಡ್ ಕೆಟ್ಟು ತನ್ನ ಜಾಗ ಸಿಗದೆ ಮತ್ತೆ ಮತ್ತೆ ಹುಡುಕುವಾಗ ಬರುವ ಸದ್ದು ಅದು. ಆ ಸದ್ದು ಕೇಳಿದ ಕೂಡಲೇ ಡಿಸ್ಕನ್ನು ತೆಗೆದಿಡಬೇಕಿತ್ತು. ನಾನು ಐದಾರು ಸಲ ಚುಚ್ಚಿ ತೆಗೆದು ಮಾಡಿದೆ. ಹಾಗೆ ಮಾಡಿದಷ್ಟೂ ಹೆಡ್ ಬಿಲ್ಲೆಯನ್ನು ಗೀಚಬಹುದು. ಡೇಟಾ ತೆಗೆದುಕೊಡುವ ಅಂಗಡಿಯೊಂದಕ್ಕೆ ಕೊಟ್ಟೆ. ಮೂರು ವಾರ ಇಟ್ಟುಕೊಂಡು ಆಗಲ್ಲ ಅಂದರು. ಒಂದು ವರ್ಷದ ವಿಡಿಯೊ ಹೋಯಿತು. ಬೇರೆ ಕಡೆ ಕಾಪಿ ಇರಲಿಲ್ಲ.

ಕೋಡಿ ಬಿದ್ದ ದಿನದ್ದು ಈಗ ಉಳಿದಿರುವುದು 52 ಸೆಕೆಂಡು ಮಾತ್ರ. ಅದು ಸಿಕ್ಕಿದ್ದು ಅತ್ತೆಯ ಫೋನಿನಲ್ಲಿ. ಆವತ್ತೇ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಅತ್ತೆ ಯಾವುದನ್ನೂ ಅಳಿಸುವವರಲ್ಲ. ಸುಮಾರು 650 ಎಂಬಿ ಇದ್ದದ್ದು ವಾಟ್ಸಾಪ್‌ನಲ್ಲಿ ಹಿಂಡಿ ಹತ್ತು ಎಂಬಿ ಆಗಿತ್ತು. ನೀರು ಕಂದು ಬಣ್ಣದ ಮುದ್ದೆಯ ಹಾಗಿದೆ. ಏರಿಯ ಮೇಲೆ ನಿಂತವರು ಚುಕ್ಕಿಗಳು. ಬದು ಕಾಣುವುದಿಲ್ಲ. ಆದರೂ ಅದನ್ನು ಜೋಪಾನ ಮಾಡಿದ್ದೇನೆ.

ಆಮೇಲೆ ಬಂದದ್ದು ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. 2024ರ ಬೇಸಿಗೆಯಲ್ಲಿ ಅದೇ ಕೆರೆಯ ಅಂಗಳ ಬಿರುಕು ಬಿಟ್ಟಿದ್ದನ್ನು ಅದೇ ಎತ್ತರದಿಂದ ಹಿಡಿದೆ. ಪಕ್ಕದಲ್ಲಿ 2022ರದ್ದನ್ನು ಇಟ್ಟು ನೋಡಬೇಕು ಅಂತ ಆಸೆಯಿತ್ತು. ತುಂಬಿದ ಕೆರೆಯ ಅಂಚು ಎಲ್ಲಿತ್ತು ಎನ್ನುವುದಕ್ಕೆ ನಮ್ಮೂರಲ್ಲಿ ಬೇರೆ ದಾಖಲೆ ಯಾರು ಇಟ್ಟಿದ್ದಾರೆ? ಜೋಡಿಯಲ್ಲಿ ಒಂದು ಹೋದಮೇಲೆ ಇನ್ನೊಂದು ಬರೀ ಒಣಗಿದ ನೆಲದ ಚಿತ್ರ. ಇದು ನನ್ನನ್ನು ಈಗಲೂ ಕಾಡುತ್ತದೆ.

ಡಿಸ್ಕ್ ಸತ್ತ ಮೇಲೆ ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋದೆ. ಟೌನ್‌ಹಾಲ್ ಹತ್ತಿರ ಬೈಕ್ ನಿಲ್ಲಿಸಲು ಜಾಗ ಹುಡುಕುವುದೇ ಅರ್ಧ ಗಂಟೆ. ಅಂಗಡಿಯವರು "4 ಟಿಬಿ ಒಂದು ತಗೊಳ್ಳಿ ಸರ್, ಸಾಕು" ಅಂದರು. ಎರಡು ಬೇಕು ಅಂದೆ. "ಎರಡೂ ತುಂಬುವಷ್ಟು ಇದೆಯಾ?" ಅಂತ ಕೇಳಿದರು. ಒಂದೇ ವಿಡಿಯೊ ಎರಡರಲ್ಲೂ ಇರಬೇಕು ಅಂತ ವಿವರಿಸಿದೆ. ಆಗ ಅವರೇ ಒಂದು ಒಳ್ಳೆ ಮಾತು ಹೇಳಿದರು: "ಹಂಗಾದ್ರೆ ಒಂದೇ ಕಂಪನಿದು ಎರಡು ಬೇಡ, ಬೇರೆ ಬೇರೆ ತಗೊಳ್ಳಿ. ಒಂದೇ ಲಾಟಿಂದು ಒಟ್ಟಿಗೇ ಕೆಡಬಹುದು." ಅವರ ಮಾತು ಕೇಳಿದೆ. ಮನೆಗೆ ಬಂದು ಹಾಕಿದರೆ ಕಂಪ್ಯೂಟರ್ 4 ಟಿಬಿ ಬದಲು 3.63 ಅಂತ ತೋರಿಸಿತು. ಇದರಲ್ಲಿ ಮೋಸ ಇಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಕಾಪಿ ಶುರುವಿನಲ್ಲಿ ಜೋರಾಗಿ ಓಡಿತು. ಸ್ವಲ್ಪ ಹೊತ್ತಿಗೆ ಎತ್ತಿನ ಗಾಡಿಯ ಹಾಗೆ ನಿಧಾನವಾಯಿತು. ಈ ಡಿಸ್ಕೂ ಕೆಟ್ಟಿತಾ ಅಂತ ಎದೆ ಹೊಡೆದುಕೊಂಡಿತು. ಕಾರಣ ಬೇರೆ. ಜೇಬಿನಲ್ಲಿ ಹಿಡಿಯುವ ಇಂಥ ದೊಡ್ಡ ಡಿಸ್ಕುಗಳಲ್ಲಿ ಬಹಳಷ್ಟು ಎಸ್‌ಎಂಆರ್ ಎಂಬ ವಿಧಾನದವು. ನಮ್ಮ ಕಡೆ ಮನೆಗೆ ಹೆಂಚು ಹೊದಿಸುತ್ತಾರಲ್ಲ, ಒಂದರ ಅಂಚಿನ ಮೇಲೆ ಇನ್ನೊಂದು ಕೂರುವ ಹಾಗೆ, ಡೇಟಾದ ಸಾಲುಗಳನ್ನೂ ಹಾಗೇ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹೊದಿಸಿ ಬರೆಯುತ್ತಾರೆ. ಅದರಿಂದ ಅದೇ ಬಿಲ್ಲೆಯಲ್ಲಿ ಜಾಸ್ತಿ ಹಿಡಿಯುತ್ತದೆ. ಆದರೆ ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲೆ ಕೂತ ಹೆಂಚುಗಳನ್ನೂ ಎತ್ತಬೇಕು, ಅಲ್ವಾ? ಇಲ್ಲೂ ಅಷ್ಟೇ. ಒಂದು ಸಾಲು ತಿದ್ದಿದರೆ ಮುಂದಿನ ಸಾಲುಗಳನ್ನು ಮತ್ತೆ ಬರೆಯಬೇಕು. ಅದಕ್ಕೇ ನಿಧಾನ. ಒಮ್ಮೆ ಬರೆದು ಮುಟ್ಟದೆ ಇಡುವ ವಿಡಿಯೊಗೆ ಇದು ಸಾಕು. ಅದೇ ಡಿಸ್ಕಿನ ಮೇಲೆ ದಿನಾ ಎಡಿಟ್ ಮಾಡಲು ಬೇಡ. ಎಡಿಟ್‌ಗೆ ನಾನು ತಿರುಗುವ ಬಿಲ್ಲೆ ಇಲ್ಲದ ಚಿಕ್ಕದೊಂದು ಎಸ್‌ಎಸ್‌ಡಿ ಇಟ್ಟಿದ್ದೇನೆ. ಅದನ್ನು ವರ್ಷಗಟ್ಟಲೆ ಬೀರುವಿನಲ್ಲಿ ಇಟ್ಟು ಮರೆಯುವುದು ಸರಿಯಲ್ಲ. ಎಸ್‌ಎಸ್‌ಡಿಯಲ್ಲಿ ಡೇಟಾ ನಿಂತಿರುವುದು ವಿದ್ಯುತ್ ಚಾರ್ಜಿನ ಮೇಲೆ, ಕರೆಂಟ್ ಇಲ್ಲದೆ ಬಹಳ ಕಾಲ ಬಿಟ್ಟರೆ ಅದು ಸೋರುತ್ತದೆ.

ಕ್ಲೌಡ್ ಯಾಕೆ ಬೇಡ ಅಂತ ಗೆಳೆಯರು ಕೇಳುತ್ತಾರೆ. ಬೇಡ ಅಂತಲ್ಲ. ನಮ್ಮ ಮನೆಯ ಅಪ್‌ಲೋಡ್ ವೇಗ ಸೆಕೆಂಡಿಗೆ 40 ಮೆಗಾಬಿಟ್. ಒಂದು ಟಿಬಿ ಕಳಿಸಲು ಎಲ್ಲ ಸರಿಯಾಗಿದ್ದರೂ 55 ಗಂಟೆ. ತಿಂಗಳ ಬಾಡಿಗೆ ಬೇರೆ. ಆಯ್ದ ಐವತ್ತು ಜಿಬಿಯಷ್ಟನ್ನು ಅಲ್ಲಿ ಇಟ್ಟಿದ್ದೇನೆ.

ಈಗ ಆ ಭಾನುವಾರಕ್ಕೆ ಬರುತ್ತೇನೆ.

ನಾಲ್ಕು 0047ರಲ್ಲಿ ಎರಡು ಮಾಗಡಿ ಕಡೆಯವು. ಒಂದು ಯಾರದೋ ಮದುವೆ ಚಪ್ಪರ. ನಾಲ್ಕನೆಯದು ನಮ್ಮ ತೋಟ, ಪೈಪು ಹೂತ ದಿನವೇ. ಸಂಜೆ ಬಿಸಿಲು ತೆಂಗಿನ ಗರಿಗಳ ಮೇಲೆ ಓರೆಯಾಗಿ ಬಿದ್ದಿತ್ತು, ತುಂಬಾ ಚೆನ್ನಾಗಿತ್ತು. ಚೆನ್ನಾಗಿದ್ದುದಕ್ಕೇ ಆವತ್ತು ಅದರ ನಂಬರ್ ಬರೆದುಕೊಂಡಿದ್ದೆ. ಆದರೆ ಪೈಪಿನ ಕಾಲುವೆ ಗರಿಗಳ ಕೆಳಗೆ ಮುಚ್ಚಿಹೋಗಿತ್ತು. ಹಿಂದುಮುಂದಿನ 0045, 0046, 0048 ಯಾವುವೂ ಇರಲಿಲ್ಲ. ಅಲುಗಾಡಿದ್ದು, ನೆಲ ಮಾತ್ರ ಕಾಣುವುದು, ಏರುವುದು ಇಳಿಯುವುದು ಎಲ್ಲವನ್ನೂ ಅವತ್ತೇ ಅಳಿಸಿದ್ದೆ.

ಎರಡನೇ ಬ್ಯಾಟರಿಗೆ ಬೇರೆ ಕಾರ್ಡ್ ಹಾಕಿದ್ದು ಮಧ್ಯಾಹ್ನದ ಹೊತ್ತಿಗೆ ನೆನಪಾಯಿತು. ಆ ಕಾರ್ಡನ್ನು ತಮ್ಮನ ಫೋನಿನ ಮೂಲಕ ಕಾಪಿ ಮಾಡಿದ್ದರಿಂದ ಫೈಲುಗಳ ಮೇಲಿನ ತಾರೀಕು ಬದಲಾಗಿತ್ತು. ಅದು ಯಾವ ಫೋಲ್ಡರಿನಲ್ಲಿದೆ ಅಂತ ಗೊತ್ತಿಲ್ಲ. ಪೈಪು ಹೂತ ಕಾಲದ ವಿಡಿಯೊ ಇದ್ದದ್ದು ಆ ಹಳೇ 500 ಜಿಬಿ ಡಿಸ್ಕಿನಲ್ಲಿ. ಅದರಲ್ಲಿರುವುದನ್ನು ಒಂದೊಂದಾಗಿ ನೋಡಲು ಸುಮಾರು 11 ಗಂಟೆ ಬೇಕು.

ಆಗ ಕಣ್ಣಿಗೆ ಬಿದ್ದದ್ದು ಎಸ್‌ಆರ್‌ಟಿ ಫೈಲುಗಳು. ಡ್ರೋನ್ ಆ್ಯಪ್‌ನಲ್ಲಿ ವಿಡಿಯೊ ಸಬ್‌ಟೈಟಲ್ ಎಂಬ ಆಯ್ಕೆ ಇರುತ್ತದೆ. ಅದು ಆನ್ ಇದ್ದರೆ ಪ್ರತಿ ವಿಡಿಯೊ ಜೊತೆ ಅದೇ ಹೆಸರಿನ ಒಂದು ಪುಟ್ಟ ಪಠ್ಯದ ಫೈಲ್ ಹುಟ್ಟುತ್ತದೆ. ಸಿನಿಮಾದ ಸಬ್‌ಟೈಟಲ್ ಫೈಲಿನ ಥರವೇ. ಆದರೆ ಅದರಲ್ಲಿ ಮಾತಿನ ಬದಲು ಡ್ರೋನ್ ಆ ಕ್ಷಣದಲ್ಲಿ ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು, ಶಟರ್ ವೇಗ ಎಷ್ಟು ಎಂಬ ಲೆಕ್ಕ ಇರುತ್ತದೆ. ಇದು ಕೆಲವೇ ಕೆಬಿ. ಆಮೇಲಿನ ವರ್ಷಗಳಲ್ಲಿ ಇದು ಕಸ ಅಂತ ನಾನು ಅಳಿಸುತ್ತಿದ್ದೆ. ಮೊದಲ ತಿಂಗಳುಗಳಲ್ಲಿ ಬೇಡದ ವಿಡಿಯೊ ಅಳಿಸಿದರೂ ಇಂಥ ಪುಟ್ಟ ಫೈಲುಗಳನ್ನು ಮುಟ್ಟದೆ ಹಾಗೇ ಸುರಿದಿದ್ದರಿಂದ ಅವು ಉಳಿದಿದ್ದವು.

ಬೆಂಗಳೂರಿನ ರೇಖಾಂಶ 77.5, 77.6ರ ಸುತ್ತ. ಕುಣಿಗಲ್ 77.0. ಅಕ್ಷಾಂಶ ಎರಡಕ್ಕೂ 13ರ ಹತ್ತಿರ. ಫೋನಿನ ನಕ್ಷೆಯಲ್ಲಿ ನಮ್ಮ ಬೋರ್ ಇರುವ ಜಾಗವನ್ನು ಒತ್ತಿ ಹಿಡಿದು ಅದರ ಎರಡು ಸಂಖ್ಯೆ ತಗೊಂಡೆ. ದಶಾಂಶದ ಮೂರನೇ ಅಂಕಿವರೆಗೆ ತಾಳೆಯಾದರೆ ಸುಮಾರು 110 ಮೀಟರ್ ಒಳಗೆ ಬಂದ ಹಾಗೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಒಂದು ಫೋಲ್ಡರಿನ ಎಲ್ಲ ಪಠ್ಯ ಫೈಲುಗಳ ಒಳಗೆ ಒಟ್ಟಿಗೆ ಹುಡುಕಬಹುದು. ಆ ಸಂಖ್ಯೆ ಕೊಟ್ಟೆ. ಒಂದು ನಿಮಿಷವೂ ಆಗಲಿಲ್ಲ. 38 ವಿಡಿಯೊ ಸಿಕ್ಕವು. ಒಂದೊಂದನ್ನೂ ತೆರೆದು ಓಡಿಸಿ ನೋಡಿದೆ. ಹನ್ನೊಂದನೆಯದು 'ಕಾರ್ಡ್ 2' ಎಂಬ ಫೋಲ್ಡರಿನಲ್ಲಿದ್ದ 0003.

41 ಸೆಕೆಂಡಿನ ವಿಡಿಯೊ. ಬ್ಯಾಟರಿ ಕಡಿಮೆಯಾಗಿ ಡ್ರೋನ್ ಕೆಳಗಿಳಿಯುತ್ತಿದೆ. ಕ್ಯಾಮೆರಾ ನೆಟ್ಟಗೆ ನೆಲ ನೋಡುತ್ತಿದೆ. ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದೆ, ಅಷ್ಟೇ. ಬೋರಿನ ಶೆಡ್ಡಿನ ತಗಡು, ಅಲ್ಲಿಂದ ಹೊರಟ ಕೆಂಪು ಮಣ್ಣಿನ ಕಾಲುವೆ, ಪಕ್ಕದಲ್ಲಿ ಬಿದ್ದಿದ್ದ ಪೈಪಿನ ತುಂಡುಗಳು. ಕಾಲುವೆ ನೇರವಾಗಿ ಹೋಗಿರಲಿಲ್ಲ. ಅರ್ಧ ದಾರಿಯಲ್ಲಿ ಹುಣಸೆ ಮರದ ಕಡೆಗೆ ತಿರುಗಿ, ಬಳಸಿಕೊಂಡು ತೆಂಗಿನ ಸಾಲು ಸೇರಿತ್ತು.

ಆ ಚಿತ್ರ ಕಳಿಸಿದ ಎರಡು ನಿಮಿಷಕ್ಕೆ ಚಿಕ್ಕಪ್ಪನ ಫೋನ್ ಬಂತು. "ಹೌದು ಕಣೋ! ಅಲ್ಲಿ ಬಂಡೆ ಸಿಕ್ಕಿತ್ತು. ಅದಕ್ಕೇ ತಿರುಗಿಸಿದ್ವಿ. ನಾನು ನೇರ ಹೋಗೈತೆ ಅಂತಲೇ ಸುಣ್ಣದ ಗೆರೆ ಹಾಕಿಬಿಟ್ಟಿದ್ದೆ." ಸೋಮವಾರ ಗೆರೆ ಅಳಿಸಿ ಹೊಂಡದ ಜಾಗವನ್ನು ಇಪ್ಪತ್ತು ಅಡಿ ಈಚೆಗೆ ಸರಿಸಿದರು.

ಆ 41 ಸೆಕೆಂಡು ನನ್ನ ಆಯ್ಕೆಯ ಲೆಕ್ಕವನ್ನೇ ಬದಲಿಸಿತು. ಮೊದಲು ಕಾರ್ಡ್ ಖಾಲಿ ಮಾಡುವಾಗ ಚೆಂದದ್ದನ್ನು ಇಟ್ಟು ಉಳಿದದ್ದನ್ನು ಅಳಿಸುತ್ತಿದ್ದೆ. ನೋಡಿದರೆ ಚೆಂದದ್ದೇ ಒಂದರ ಹಾಗೆ ಇನ್ನೊಂದು. ಮಾಗಡಿ ಕಡೆ ಸೂರ್ಯೋದಯ ನನ್ನ ಹತ್ತಿರ 60ಕ್ಕೂ ಜಾಸ್ತಿ ಇದ್ದವು. ಮಂಜು, ಬೆಟ್ಟ, ಬಿಸಿಲು. ಅವುಗಳಲ್ಲಿ ಐದು ಇಟ್ಟುಕೊಂಡು ಬಾಕಿಯದನ್ನು ಅಳಿಸಿದೆ, 90 ಜಿಬಿ ಜಾಗ ಬಂತು. ನೆಲವನ್ನು ನೇರ ಮೇಲಿಂದ ತೋರಿಸುವ ಬೋಳು ವಿಡಿಯೊ, ಮನೆ ಕಟ್ಟುವಾಗಿನ ಪಾಯ, ಕಾಲುವೆ, ಬದು, ಕೆರೆಯ ಅಂಚು, ಹೊಸ ಲೇಔಟಿಗೆ ಕಲ್ಲು ನೆಟ್ಟದ್ದು, ಇವನ್ನು ಈಗ ಮುಟ್ಟುವುದಿಲ್ಲ. ಹತ್ತು ನಿಮಿಷದ ವಿಡಿಯೊದಲ್ಲಿ ಬೇಕಾದ್ದು ಎರಡೇ ನಿಮಿಷ ಇದ್ದರೆ ಲಾಸ್‌ಲೆಸ್‌ಕಟ್ ಎಂಬ ತಂತ್ರಾಂಶದಲ್ಲಿ ಆ ತುಂಡು ಮಾತ್ರ ಕತ್ತರಿಸುತ್ತೇನೆ. ಅದು ವಿಡಿಯೊವನ್ನು ಮತ್ತೆ ಹಿಂಡುವುದಿಲ್ಲ, ಇದ್ದ ಹಾಗೇ ತುಂಡು ಮಾಡುತ್ತದೆ.

ವಿಡಿಯೊ ಹಿಂಡುವ ಹೊಸ ವಿಧಾನವಾದ ಎಚ್.265ಗೆ ಬದಲಿಸಿ ಅರ್ಧ ಜಾಗ ಉಳಿಸು ಅಂತ ತುಂಬಾ ಜನ ಹೇಳುತ್ತಾರೆ. ಹೌದು, ಹಳೆಯ ಎಚ್.264ರ ಅರ್ಧ ಗಾತ್ರದಲ್ಲಿ ಹೆಚ್ಚುಕಮ್ಮಿ ಅದೇ ಗುಣಮಟ್ಟ ಬರುತ್ತದೆ. ನಾನೂ ಮಾಡಿ ನೋಡಿದೆ. ಸ್ವಲ್ಪ ಜಾಸ್ತಿ ಹಿಂಡಿದರೂ ತೆಂಗಿನ ಗರಿ, ರಾಗಿ ಹೊಲ, ನೀರಿನ ಅಲೆ ಕಲಸಿಹೋಗುತ್ತವೆ. ಇಂಥ ಸಣ್ಣ ಗೆರೆಗಳೇ ನನಗೆ ಬೇಕಾದವು. ಅತ್ತೆಯ ಫೋನಿನ ಆ 52 ಸೆಕೆಂಡು ನೋಡಿದ ಮೇಲೆ ಮೂಲವನ್ನು ಹಿಂಡಿ ಬಿಸಾಡಲು ಮನಸ್ಸು ಬರುವುದಿಲ್ಲ. ಸೂರ್ಯೋದಯಗಳಿಗೆ ಮಾಡುತ್ತೇನೆ, ಕೆರೆಗಳಿಗೆ ಇಲ್ಲ.

ಮನೆಗೆ ಬಂದ ರಾತ್ರಿಯೇ ಹೆಸರಿಡುತ್ತೇನೆ. ಮರುದಿನಕ್ಕೆ ಬಿಟ್ಟರೆ ಆಗುವುದಿಲ್ಲ, ಆಫೀಸು, ಟ್ರಾಫಿಕ್ಕು ಎಲ್ಲವನ್ನೂ ನುಂಗುತ್ತವೆ. ಫೋಲ್ಡರಿಗೆ '2025-01-26 ಊರು ತೋಟ ಹೊಂಡ' ಅಂತ ಹೆಸರು. ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಹಾಗೆ ಬರೆದರೆ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ. ಒಳಗೊಂದು ಪಠ್ಯದ ಫೈಲಿನಲ್ಲಿ ಏನೇನು ಕಾಣುತ್ತದೆ, ಯಾರು ಇದ್ದರು ಅಂತ ನಾಲ್ಕು ಸಾಲು. ಎಸ್‌ಆರ್‌ಟಿ ಜೊತೆಗೇ ಇರುತ್ತದೆ. ಟೆರಾಕಾಪಿ ಎಂಬ ಕಾಪಿ ಮಾಡುವ ತಂತ್ರಾಂಶದಲ್ಲಿ ವೆರಿಫೈ ಆನ್ ಮಾಡಿ ಕಾಪಿ ಮಾಡುತ್ತೇನೆ. ಎರಡೂ ಕಡೆಯ ಫೈಲ್ ಅಕ್ಷರಕ್ಕಕ್ಷರ ಒಂದೇ ಅಂತ ಅದು ತಾಳೆ ನೋಡಿ ಹೇಳುತ್ತದೆ. ಮನೆಯಲ್ಲಿರುವ ಡಿಸ್ಕಿಗೂ ಲ್ಯಾಪ್‌ಟಾಪಿಗೂ ಹೋಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡುವುದಿಲ್ಲ. ಡಿಸ್ಕಿನ ವೈರ್ ಎಳೆಯುವ ಮೊದಲು ಇಜೆಕ್ಟ್ ಒತ್ತುತ್ತೇನೆ.

ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಜನಪ್ರಿಯ ಮಾಡಿದ 3-2-1 ಎಂಬ ನಿಯಮ ಇದೆ. ಮೂರು ಕಾಪಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಬೇರೆ ಜಾಗ ಅಂದರೆ ನನಗೆ ಊರಿನ ಮನೆ. ಒಂದು ಡಿಸ್ಕ್ ನಾಗರಭಾವಿಯಲ್ಲಿ, ಇನ್ನೊಂದು ಊರಿನ ಬೀರುವಿನಲ್ಲಿ, ಸ್ಟೀಲ್ ಡಬ್ಬಿಯೊಳಗೆ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ. ಯುಗಾದಿಗೆ, ಗೌರಿ ಹಬ್ಬಕ್ಕೆ, ದೀಪಾವಳಿಗೆ ಹೋದಾಗ ಅದಲು ಬದಲು ಮಾಡಿಕೊಂಡು ಬರುತ್ತೇನೆ. ಮಧ್ಯದ ತಿಂಗಳುಗಳಲ್ಲಿ ಸೇರಿದ್ದು ಲ್ಯಾಪ್‌ಟಾಪಿನಲ್ಲೂ ಇರುತ್ತದೆ. ಮೊದಲ ಸಲ ಡಬ್ಬಿ ಇಡುವಾಗ ಇದೇನು ಅಂತ ಚಿಕ್ಕಮ್ಮ ಕೇಳಿದರು. ಹೇಳಿದೆ. "ಬಿತ್ತನೆ ರಾಗೀನ ನಾವೂ ಹಂಗೇ ಕಣಪ್ಪ, ಒಂದೇ ಮನೇಲಿ ಇಡಲ್ಲ. ನಮ್ಮಕ್ಕನ ಮನೇಲೂ ಎರಡು ಸೇರು ಇರ್ತದೆ" ಅಂದರು. ಪಕ್ಕಕ್ಕೆ ಸೀರೆ ಸರಿಸಿ ಜಾಗ ಮಾಡಿಕೊಟ್ಟರು.

ಹಳೆಯವಕ್ಕೆ ಹೆಸರಿಡುವ ಕೆಲಸ ಇನ್ನೂ ಮುಗಿದಿಲ್ಲ. ರಾತ್ರಿ ಊಟ ಆದಮೇಲೆ ದಿನಕ್ಕೆ ಹತ್ತು. 300ರಷ್ಟು ಬಾಕಿ ಇವೆ. ನಿನ್ನೆ ಒಂದು ಸಿಕ್ಕಿತು. ಸಣ್ಣ ಕೆರೆ, ಏರಿಯ ಮೇಲೆ ಆಲದ ಮರ, ಮರದ ಕೆಳಗೆ ಸುಣ್ಣ ಬಳಿದ ಗುಡಿ, ಒಬ್ಬರು ಎಮ್ಮೆ ಮೈ ತೊಳೆಯುತ್ತಿದ್ದಾರೆ. ಎಸ್‌ಆರ್‌ಟಿ ಇಲ್ಲ, ಅಳಿಸಿದ್ದೇನೆ. ಯಾವ ಊರು ಅಂತ ಎಷ್ಟು ನೋಡಿದರೂ ಹೊಳೆಯಲಿಲ್ಲ. ಚಿಕ್ಕಪ್ಪನಿಗೆ ಕಳಿಸಿದೆ. ಏರಿ ಬಾಗಿರುವ ರೀತಿ ನೋಡಿದರೆ ಹುಲಿಯೂರುದುರ್ಗದ ಕಡೆ ಇರಬೇಕು ಅಂದರು. ಬರುವ ಭಾನುವಾರ ಇಬ್ಬರೂ ಹೋಗಿ ನೋಡಿಕೊಂಡು ಬರುತ್ತೇವೆ.